ಬಯಲ ಕಲಿಕೆ ಮತ್ತು ಚರ್ಚಿನ ಹಳೆಯ ಋಣ

2017ರ ಜುಲೈನಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಡ್‌ಲ್ಯಾಂಡ್‌ನಿಂದ ಮೂವತ್ತರ ಆಸುಪಾಸಿನಷ್ಟು ಜನ ದೋಣಿಗಳನ್ನು ನೀರಿಗಿಳಿಸಿ ಮಾಂಟ್ರಿಯಲ್ ಕಡೆಗೆ ಹೊರಟರು. ಅವರಲ್ಲಿ ಜೆಸ್ಯೂಟ್ ಸಂಘದ ಪಾದ್ರಿಗಳಿದ್ದರು, ಆ ನೆಲದ ಮೂಲನಿವಾಸಿಗಳಿದ್ದರು, ಇಂಗ್ಲಿಷ್ ಮತ್ತು ಫ್ರೆಂಚ್ ಮಾತನಾಡುವ ಇತರರೂ ಇದ್ದರು. ದಾರಿ ಸುಮಾರು 850 ಕಿಲೋಮೀಟರ್. ಹದಿನೇಳನೆಯ ಶತಮಾನದಲ್ಲಿ ಮೊದಲ ಜೆಸ್ಯೂಟರು ಮೂಲನಿವಾಸಿಗಳ ದೋಣಿಯಲ್ಲಿ ಕುಳಿತು ಒಳನಾಡಿಗೆ ಬಂದ ಜಲಮಾರ್ಗವದು. ಮೂರೂವರೆ ಶತಮಾನಗಳ ನಂತರ ಅದೇ ನೀರಿನ ಮೇಲೆ ಪಾದ್ರಿಗಳು ಮತ್ತೆ ಹುಟ್ಟು ಹಿಡಿದರು. ಈ ಬಾರಿ ಅವರು ಬೋಧಿಸಲು ಹೊರಟಿರಲಿಲ್ಲ. ಚರ್ಚಿನಿಂದ ನೊಂದ ಜನರ ಜೊತೆ ಸಂಬಂಧವನ್ನು ಮತ್ತೆ ಕಟ್ಟುವುದು ಆ ಯಾತ್ರೆಯ ಘೋಷಿತ ಉದ್ದೇಶವಾಗಿತ್ತು.

ಮೂಲನಿವಾಸಿಗಳ ಜೊತೆ ಅವರ ನೆಲದ ಬಯಲಿನಲ್ಲಿ, ಅವರ ಮಾರ್ಗದರ್ಶನದಲ್ಲಿ ಕಲಿಯುವುದು ಕ್ರೈಸ್ತ ಸಂಧಾನಕ್ಕೆ ಒಂದು ದಾರಿಯಾಗಬಲ್ಲದು ಎಂಬ ಚಿಂತನೆ ಕೆನಡಾದ ಚರ್ಚುಗಳಲ್ಲಿ, ಅಲ್ಲಿನ ಕ್ರೈಸ್ತ ಶಾಲೆ ಕಾಲೇಜುಗಳಲ್ಲಿ ಗಟ್ಟಿಯಾಗುತ್ತಿದೆ. ಇದನ್ನು ದೂರದ ದೇಶದ ಒಳ್ಳೆಯ ಸುದ್ದಿ ಎಂದು ಓದಿ ಪಕ್ಕಕ್ಕಿಡಲು ನನಗೆ ಮನಸ್ಸಾಗುವುದಿಲ್ಲ. ನಾನು ವಿಜಯಪುರ ಸೀಮೆಯ ಚರ್ಚಿನ ಮಡಿಲಲ್ಲಿ ಬೆಳೆದವನು. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಹಳೆಯ ಕಡತಗಳಲ್ಲಿಯೂ ಸರ್ಕಾರ ಮತ್ತು ಮಿಷನ್ ಕೈಜೋಡಿಸಿದ ಒಂದು ಅಧ್ಯಾಯವಿದೆ. ಅದರ ಬಗ್ಗೆ ನಮ್ಮ ಪೀಠಗಳಿಂದ ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಮೊದಲು ಕೆನಡಾದಲ್ಲಿ ನಡೆದದ್ದೇನು ಎಂಬುದನ್ನು ತಿಳಿಯೋಣ. 1880ರ ದಶಕದಿಂದ 1990ರ ದಶಕದವರೆಗೆ ಅಲ್ಲಿನ ಸರ್ಕಾರ ಮೂಲನಿವಾಸಿಗಳ ಮಕ್ಕಳಿಗಾಗಿ ವಸತಿ ಶಾಲೆಗಳ ಜಾಲವನ್ನೇ ನಡೆಸಿತು. ಹಣ ಸರ್ಕಾರದ್ದು, ಆಡಳಿತ ಬಹುಪಾಲು ಚರ್ಚುಗಳದ್ದು. ಅರ್ಧಕ್ಕಿಂತ ಹೆಚ್ಚು ಶಾಲೆಗಳು ಕ್ಯಾಥೊಲಿಕ್ ಸಂಸ್ಥೆಗಳ ಕೈಯಲ್ಲಿದ್ದವು. ಉಳಿದವನ್ನು ಆಂಗ್ಲಿಕನ್, ಯುನೈಟೆಡ್, ಪ್ರೆಸ್ಬಿಟೇರಿಯನ್ ಚರ್ಚುಗಳು ನೋಡಿಕೊಂಡವು. 1,50,000ಕ್ಕೂ ಹೆಚ್ಚು ಮಕ್ಕಳು ಈ ಶಾಲೆಗಳಿಗೆ ಹೋದರು. ಹೋದರು ಎನ್ನುವುದಕ್ಕಿಂತ ಒಯ್ಯಲ್ಪಟ್ಟರು ಎನ್ನುವುದು ಸರಿ, ಏಕೆಂದರೆ 1920ರಲ್ಲಿ ಕಾನೂನೇ ಹಾಜರಿಯನ್ನು ಕಡ್ಡಾಯಗೊಳಿಸಿತು. ಕೂದಲು ಕತ್ತರಿಸಿದರು, ತಾಯಿನುಡಿ ಆಡಿದರೆ ಹೊಡೆದರು, ಒಡಹುಟ್ಟಿದವರನ್ನು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟರು. ಹಸಿವು, ಕ್ಷಯ, ಲೈಂಗಿಕ ದೌರ್ಜನ್ಯಗಳ ದಾಖಲೆ ದೊಡ್ಡದು. ಅಲ್ಲಿ ಸತ್ತ ಮಕ್ಕಳಲ್ಲಿ 4,100ಕ್ಕೂ ಹೆಚ್ಚು ಜನರ ಹೆಸರುಗಳನ್ನು ಇದುವರೆಗೆ ಪಟ್ಟಿ ಮಾಡಲಾಗಿದೆ. ಶಾಲೆಯ ಅಂಗಳದಲ್ಲಿ ಸ್ಮಶಾನವಿತ್ತು ಎಂಬ ಒಂದು ಮಾತು ಸಾಕು, ಆ ಶಾಲೆ ಎಂಥದು ಎಂದು ತಿಳಿಯಲು.

2008ರಲ್ಲಿ ರಚನೆಯಾದ ಸತ್ಯ ಮತ್ತು ಸಂಧಾನ ಆಯೋಗ ಬದುಕುಳಿದ ಸಾವಿರಾರು ಜನರ ಸಾಕ್ಷ್ಯ ಕೇಳಿತು. ಮೂಲನಿವಾಸಿ ಸಮುದಾಯದವರೇ ಆದ ನ್ಯಾಯಮೂರ್ತಿ ಮರ್ರಿ ಸಿಂಕ್ಲೇರ್ ಅದರ ಅಧ್ಯಕ್ಷರಾಗಿದ್ದರು. 2015ರಲ್ಲಿ ಆಯೋಗ 94 ಕರೆಗಳನ್ನು ನೀಡಿತು. ಅವುಗಳಲ್ಲಿ ಕೆಲವು ನೇರವಾಗಿ ಚರ್ಚುಗಳಿಗೇ ಸಂಬಂಧಿಸಿದವು. ತಮ್ಮ ಪಾತ್ರವೇನಿತ್ತು, ಕ್ಷಮೆ ಏಕೆ ಬೇಕಾಯಿತು ಎಂಬುದನ್ನು ಚರ್ಚುಗಳು ತಮ್ಮ ಸಭೆಗಳಿಗೇ ಕಲಿಸಬೇಕು ಎಂಬುದು 59ನೆಯ ಕರೆ. ಪಾದ್ರಿಗಳಾಗಲು ಓದುವವರಿಗೆ ಮೂಲನಿವಾಸಿಗಳ ಆಧ್ಯಾತ್ಮಿಕತೆಯನ್ನು ಅದರದೇ ನೆಲೆಯಲ್ಲಿ ಗೌರವಿಸುವುದನ್ನು ಕಲಿಸಬೇಕು ಎಂಬುದು 60ನೆಯದು. ಶಿಷ್ಯರನ್ನು ತಿದ್ದಲು ಹೋಗಿದ್ದ ಸಂಸ್ಥೆಗೆ ಮೊದಲು ನೀನು ಕಲಿ ಎಂದು ಆಯೋಗ ಹೇಳಿತು.

ಕ್ಷಮೆಗಳು ಬಂದವು. ಯುನೈಟೆಡ್ ಚರ್ಚ್ 1986ರಲ್ಲಿ, ಆಂಗ್ಲಿಕನ್ ಚರ್ಚ್ 1993ರಲ್ಲಿ, ಪೋಪ್ ಫ್ರಾನ್ಸಿಸ್ 2022ರ ಜುಲೈನಲ್ಲಿ ಕೆನಡಾದ ನೆಲದ ಮೇಲೆಯೇ ನಿಂತು ಕ್ಷಮೆ ಕೇಳಿದರು. ಆದರೆ ಮಾತು ಮತ್ತು ಕೃತಿಯ ನಡುವಿನ ಅಂತರ ಹಣದ ವಿಷಯದಲ್ಲಿ ಬಯಲಾಯಿತು. 2006ರ ಪರಿಹಾರ ಒಪ್ಪಂದದಲ್ಲಿ ಕ್ಯಾಥೊಲಿಕ್ ಸಂಸ್ಥೆಗಳು 2.5 ಕೋಟಿ ಡಾಲರ್ ಸಂಗ್ರಹಿಸಲು ಯತ್ನಿಸುವುದಾಗಿ ಮಾತು ಕೊಟ್ಟಿದ್ದವು. ಸಂಗ್ರಹವಾದದ್ದು 40 ಲಕ್ಷ ಡಾಲರನ್ನೂ ಮುಟ್ಟಲಿಲ್ಲ. ಮುಂದೆ 2021ರಲ್ಲಿ ಬಿಷಪ್‌ಗಳು 3 ಕೋಟಿ ಡಾಲರಿನ ಹೊಸ ವಾಗ್ದಾನ ಮಾಡಬೇಕಾಯಿತು. ಕ್ಷಮಾಪಣೆಯ ಪತ್ರ ಓದಿ ಮುಗಿಸಿದ ಮೇಲೆ ಕೈಯಲ್ಲಿ ಏನಿದೆ ಎಂದು ನೊಂದವರು ಕೇಳುವುದು ಇಂತಹ ಅನುಭವದಿಂದಲೇ.

ಇಷ್ಟಾದರೂ ಪ್ರಶ್ನೆ ಉಳಿಯುತ್ತದೆ. ಸಂಧಾನಕ್ಕೆ ಬಯಲು ಏಕೆ ಬೇಕು? ಸಭಾಂಗಣದಲ್ಲಿ ಕುಳಿತು ಮಾತನಾಡಿದರೆ ಸಾಲದೇ?

ಉತ್ತರ ಅಪರಾಧದ ಸ್ವರೂಪದಲ್ಲಿಯೇ ಇದೆ. ವಸತಿ ಶಾಲೆ ಮಗುವಿನಿಂದ ತಂದೆ ತಾಯಿಯನ್ನು ಮಾತ್ರ ಕಿತ್ತುಕೊಳ್ಳಲಿಲ್ಲ, ನೆಲವನ್ನೂ ಕಿತ್ತುಕೊಂಡಿತು. ಯಾವ ತಿಂಗಳಲ್ಲಿ ಯಾವ ಹಣ್ಣು, ಮಂಜು ಎಷ್ಟು ಗಟ್ಟಿಯಾದಾಗ ಕೆರೆ ದಾಟಬಹುದು, ಕಡವೆಯ ತೊಗಲನ್ನು ಹೇಗೆ ಹದ ಮಾಡಬೇಕು, ಯಾವ ಕಥೆಯನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕು ಎಂಬುದೆಲ್ಲ ಮಗುವಿಗೆ ತಲುಪುತ್ತಿದ್ದದ್ದು ಅಜ್ಜಿಯ ಬೆನ್ನ ಹಿಂದೆ ನಡೆಯುತ್ತಲೇ. ನಾಲ್ಕು ಗೋಡೆಗಳ ನಡುವೆ ಹತ್ತು ವರ್ಷ ಕೂಡಿಹಾಕಿದರೆ ಆ ಸರಪಳಿ ಕಡಿಯುತ್ತದೆ. ಹಾಗೆ ಕಡಿಯಲೆಂದೇ ಆ ಶಾಲೆಗಳನ್ನು ಕಟ್ಟಲಾಗಿತ್ತು. ಆದ್ದರಿಂದ ದುರಸ್ತಿಯೂ ನೆಲದ ಮೇಲೆಯೇ ಆಗಬೇಕು ಎಂಬುದು ಮೂಲನಿವಾಸಿ ಶಿಕ್ಷಕರ ವಾದ. ಕೆನಡಾದ ವಾಯವ್ಯ ಪ್ರದೇಶದಲ್ಲಿ ಡೆನೆ ಜನರ ನಾಡಿನಲ್ಲಿರುವ ಡೆಚಿಂಟಾ ಕೇಂದ್ರ ಇದೇ ತತ್ವದ ಮೇಲೆ ವಿಶ್ವವಿದ್ಯಾಲಯ ಮಟ್ಟದ ಪಾಠಗಳನ್ನು ಕಾಡಿನ ಬಿಡಾರದಲ್ಲಿ ನಡೆಸುತ್ತದೆ. ಅಲ್ಲಿ ಹಿರಿಯರೇ ಅಧ್ಯಾಪಕರು. ಮಿಗ್ಮಾ ಜನಾಂಗದ ಹಿರಿಯರಾದ ಆಲ್ಬರ್ಟ್ ಮಾರ್ಷಲ್ ಮತ್ತು ಮರ್ಡೀನಾ ಮಾರ್ಷಲ್ ದಂಪತಿ ಇದಕ್ಕೆ ಎರಡು ಕಣ್ಣುಗಳ ನೋಟ ಎಂಬ ಸೂತ್ರ ಕೊಟ್ಟರು. ಒಂದು ಕಣ್ಣಿನಿಂದ ತಮ್ಮ ಜನರ ಅರಿವಿನ ಬಲವನ್ನು, ಇನ್ನೊಂದರಿಂದ ಪಾಶ್ಚಾತ್ಯ ವಿಜ್ಞಾನದ ಬಲವನ್ನು ನೋಡಿ, ಎರಡನ್ನೂ ಸೇರಿಸಿ ಬಾಳುವುದು. ಒಂದು ಕಣ್ಣನ್ನು ಮುಚ್ಚಿಸಿದ್ದೇ ವಸತಿ ಶಾಲೆಗಳು ಮಾಡಿದ ಕೆಲಸ.

ಇಲ್ಲಿ ಒಂದು ಎಚ್ಚರ. ಉತ್ತರ ಅಮೆರಿಕದ ಕ್ರೈಸ್ತ ಬೇಸಿಗೆ ಶಿಬಿರಗಳಿಗೆ ಹಳೆಯ ಇತಿಹಾಸವಿದೆ. ಮಕ್ಕಳ ಗುಂಪುಗಳಿಗೆ ಮೂಲನಿವಾಸಿ ಕುಲಗಳ ಹೆಸರಿಟ್ಟು, ತಲೆಗೆ ಗರಿ ಸಿಕ್ಕಿಸಿ, ಬೆಂಕಿಯ ಸುತ್ತ ಕುಣಿಸುವುದು ಹಲವು ಶಿಬಿರಗಳ ರೂಢಿಯಾಗಿತ್ತು. ಆ ಕುಲಗಳ ಮಕ್ಕಳು ತಮ್ಮದೇ ಕುಣಿತಕ್ಕಾಗಿ ಶಿಕ್ಷೆ ಅನುಭವಿಸುತ್ತಿದ್ದ ಕಾಲದಲ್ಲಿಯೂ ಇದು ನಡೆಯಿತು. 1885ರಿಂದ 1951ರವರೆಗೆ ಪಾಟ್‌ಲ್ಯಾಚ್ ಎಂಬ ಸಾಮುದಾಯಿಕ ಆಚರಣೆಯೇ ಕೆನಡಾದಲ್ಲಿ ಅಪರಾಧವಾಗಿತ್ತು. ಹೊರಾಂಗಣದಲ್ಲಿ ನಡೆದದ್ದೆಲ್ಲ ಸಂಧಾನವಲ್ಲ. ಯಾರು ಕರೆದರು, ಯಾರು ಪಾಠ ಹೇಳಿದರು, ಯಾವುದನ್ನು ಹೇಳಬೇಕು ಯಾವುದನ್ನು ಹೇಳಬಾರದು ಎಂದು ಯಾರು ತೀರ್ಮಾನಿಸಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕ್ರೈಸ್ತ ಧರ್ಮದೊಳಗಿನಿಂದ ನೋಡಿದರೂ ಇದು ಹೊಸ ಮಾತಲ್ಲ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುತ್ತಾನೆ. ಅವನನ್ನು ಇಲ್ಲಿಗೆ ಕರೆಸು ಎಂದು ಹೇಳುವುದಿಲ್ಲ. ಲೂಕನ ಸುವಾರ್ತೆಯ ಸುಂಕದ ಅಧಿಕಾರಿ ಜಕ್ಕಾಯ ಮರದಿಂದ ಇಳಿದು ಬಂದು, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ತಪ್ಪಿಗೆ ಗುರಿಯಾದವನ ಕಡೆಗೆ ನಡೆಯುವುದು ಮತ್ತು ಕಸಿದದ್ದನ್ನು ಮರಳಿಸುವುದು, ಈ ಎರಡೂ ಇಲ್ಲದ ಸಂಧಾನವನ್ನು ಕ್ರೈಸ್ತ ಸಂಧಾನ ಎಂದು ಕರೆಯಲು ನನಗೆ ಸಾಧ್ಯವಿಲ್ಲ. 2025ರ ನವೆಂಬರ್‌ನಲ್ಲಿ ವ್ಯಾಟಿಕನ್ ತನ್ನ ವಸ್ತುಸಂಗ್ರಹಾಲಯದಲ್ಲಿದ್ದ 62 ಮೂಲನಿವಾಸಿ ವಸ್ತುಗಳನ್ನು ಕೆನಡಾದ ಬಿಷಪ್‌ಗಳ ಮೂಲಕ ಮರಳಿಸಲು ಒಪ್ಪಿಸಿತು. ಮರಳಿಸುವುದು ಸಾಧ್ಯ ಎಂಬುದಕ್ಕೆ ಅದು ಚಿಕ್ಕ ಆದರೆ ಸ್ಪಷ್ಟ ಗುರುತು.

ಇನ್ನು ನಮ್ಮ ಕಡೆಗೆ ಬರೋಣ.

ಭಾರತದಲ್ಲಿ ಮೂಲನಿವಾಸಿ ಎಂಬ ಪ್ರಶ್ನೆಯೇ ಜಟಿಲ. 2007ರಲ್ಲಿ ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಘೋಷಣೆಗೆ ಭಾರತ ಪರವಾಗಿ ಮತ ಹಾಕಿತು, ಕೆನಡಾ ವಿರುದ್ಧವಾಗಿ ಹಾಕಿತು. ಆದರೆ ಭಾರತದ ಜನರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಹೀಗಾಗಿ ಕೆನಡಾದ ಚೌಕಟ್ಟನ್ನು ಎತ್ತಿ ತಂದು ಇಲ್ಲಿ ಇಡಲು ಬರುವುದಿಲ್ಲ. ಆದರೆ ರಾಜ್ಯ ಮತ್ತು ಮಿಷನ್ ಸೇರಿ ಅಲೆಮಾರಿ ಜನರನ್ನು ಬೇಲಿಯೊಳಗೆ ತಂದು ತಿದ್ದಲು ಹೊರಟ ಇತಿಹಾಸವನ್ನು ಹುಡುಕಿದರೆ ದೂರ ಹೋಗಬೇಕಿಲ್ಲ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ಹೊಸ ಕಾಯ್ದೆ ಅದನ್ನು ಮುಂಬಯಿ ಪ್ರಾಂತ್ಯಕ್ಕೂ ತಂದಿತು. ಆಗ ಬೆಳಗಾವಿಯೂ, ಬಾಗಲಕೋಟೆಯನ್ನು ಒಳಗೊಂಡಿದ್ದ ಬಿಜಾಪುರ ಜಿಲ್ಲೆಯೂ ಆ ಪ್ರಾಂತ್ಯದಲ್ಲಿದ್ದವು. ಹರಣಶಿಕಾರಿಗಳು, ಕೊರವರು, ಗಂಟಿಚೋರರು, ಛಪ್ಪರಬಂದರು ಹುಟ್ಟಿನಿಂದಲೇ ಅಪರಾಧಿಗಳೆನಿಸಿಕೊಂಡರು. ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಪಡೆಯಬೇಕು, ಸೆಟ್ಲ್‌ಮೆಂಟ್ ಎಂಬ ಬೇಲಿಯೊಳಗೆ ಇರಬೇಕು. ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಮು ಇತ್ತು. ಆರು ವರ್ಷ ಮೀರಿದ, ಹದಿನೆಂಟು ತುಂಬದ ಮಕ್ಕಳನ್ನು ತಂದೆ ತಾಯಿಯಿಂದ ಬೇರ್ಪಡಿಸಿ ಕೈಗಾರಿಕೆ, ಕೃಷಿ ಅಥವಾ ಸುಧಾರಣಾ ಶಾಲೆಗಳಲ್ಲಿ ಇಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತ್ತು. ಕೆನಡಾದಲ್ಲಿ ಹಾಜರಿ ಕಡ್ಡಾಯವಾಗುವುದಕ್ಕೆ ಒಂಬತ್ತು ವರ್ಷ ಮೊದಲೇ ಇಲ್ಲಿ ಈ ಕಾನೂನು ಬಂದಿತ್ತು. ಎರಡೂ ಕಡೆ ಆಡಳಿತ ಒಂದೇ ಸಾಮ್ರಾಜ್ಯದ್ದು, ಎರಡೂ ಕಡೆ ತರ್ಕ ಒಂದೇ: ಹಿರಿಯರು ಕೆಟ್ಟಿದ್ದಾರೆ, ಮಕ್ಕಳನ್ನು ಅವರಿಂದ ಉಳಿಸೋಣ.

ಸೆಟ್ಲ್‌ಮೆಂಟುಗಳನ್ನು ನಡೆಸಿದ್ದು ಯಾರು? ಬಿಜಾಪುರದ್ದು ಸರ್ಕಾರದ ಕೈಯಲ್ಲಿತ್ತು. ಅದರ ಹೊಣೆ ಹೊತ್ತಿದ್ದ ಅಧಿಕಾರಿ ಓ.ಎಚ್.ಬಿ. ಸ್ಟಾರ್ಟ್ ಮುಂದೆ ಇಡೀ ಪ್ರಾಂತ್ಯದ ಸೆಟ್ಲ್‌ಮೆಂಟುಗಳ ಉಸ್ತುವಾರಿ ವಹಿಸಿದರು. ಅಂಬೇಡ್ಕರ್ ಅವರೂ ಸದಸ್ಯರಾಗಿದ್ದ, ದಲಿತರು ಮತ್ತು ಬುಡಕಟ್ಟುಗಳ ಸ್ಥಿತಿಗತಿ ಕುರಿತ ಸಮಿತಿಗೆ ಇದೇ ಸ್ಟಾರ್ಟ್ ಅಧ್ಯಕ್ಷರಾಗಿದ್ದರು. ಆದರೆ ಅಕ್ಕಪಕ್ಕದಲ್ಲಿ ಮಿಷನ್‌ಗಳು ನೇರವಾಗಿ ಕೆಲಸಕ್ಕಿಳಿದವು. ಹುಬ್ಬಳ್ಳಿಯ ಸೆಟ್ಲ್‌ಮೆಂಟನ್ನು ಆಂಗ್ಲಿಕನ್ನರ ಎಸ್.ಪಿ.ಜಿ. ಮಿಷನ್, ಸೊಲ್ಲಾಪುರದ್ದನ್ನು ಅಮೆರಿಕನ್ ಮರಾಠಿ ಮಿಷನ್ ನಡೆಸಿದವು. ಆಂಧ್ರದ ಸ್ಟುವರ್ಟ್‌ಪುರಂ ಸಾಲ್ವೇಶನ್ ಆರ್ಮಿಯದು. ಗಿರಣಿಗಳಿಗೆ ಅಗ್ಗದ ಕೂಲಿಗಳು ಸಿಕ್ಕರು, ಸರ್ಕಾರಕ್ಕೆ ಕಾವಲಿನ ಖರ್ಚು ಉಳಿಯಿತು, ಮಿಷನ್‌ಗೆ ಎದ್ದು ಹೋಗಲಾರದ ಶ್ರೋತೃಗಳು ದೊರೆತರು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಅಲ್ಲಿಯ ವಿಳಾಸ ಹೇಳಿದರೆ ಕೆಲಸ ಸಿಗುವುದು ಕಷ್ಟ ಎಂಬ ದೂರನ್ನೂ ನಾನು ಕೇಳಿದ್ದೇನೆ.

ಮಿಷನರಿಗಳೆಲ್ಲ ಕ್ರೂರಿಗಳಾಗಿದ್ದರು ಎಂದು ಹೇಳುವುದು ಸುಳ್ಳಾಗುತ್ತದೆ. 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಷನ್, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಹಾಕಿದ ಬಾಸೆಲ್ ಮಿಷನ್ ಈ ಭಾಗಕ್ಕೆ ಶಾಲೆ, ಔಷಧ, ಅಚ್ಚು ಪುಸ್ತಕಗಳನ್ನು ತಂದವು. ಬೇರೆ ಯಾರೂ ಮುಟ್ಟದ ಜನರನ್ನು ಮುಟ್ಟಿದವು. ಕಿಟೆಲ್ ಅವರ ನಿಘಂಟಿಗೆ ಕನ್ನಡಿಗರೆಲ್ಲರೂ ಋಣಿಗಳು. ಆದರೆ ಒಳ್ಳೆಯ ಕೆಲಸ ಕೆಟ್ಟ ಕೆಲಸವನ್ನು ಅಳಿಸುವುದಿಲ್ಲ. ಕೆನಡಾದ ವಸತಿ ಶಾಲೆಗಳಲ್ಲಿಯೂ ಮಕ್ಕಳನ್ನು ಪ್ರೀತಿಸಿದ ಸನ್ಯಾಸಿನಿಯರಿದ್ದರು. ಆಯೋಗ ಅದನ್ನೂ ಕೇಳಿಸಿಕೊಂಡಿತು, ಆದರೂ ತನ್ನ ತೀರ್ಮಾನವನ್ನು ಮೃದುಗೊಳಿಸಲಿಲ್ಲ.

ಈಗ ಅತ್ಯಂತ ಕಷ್ಟದ ಮಾತು. ನಮ್ಮ ಪ್ರದೇಶದ ಕ್ರೈಸ್ತರು ವಲಸೆ ಬಂದ ಬಿಳಿಯರಲ್ಲ. ಹೆಚ್ಚಿನವರ ಅಜ್ಜ ಮುತ್ತಜ್ಜಂದಿರು ಊರ ಹೊರಗಿನ ಕೇರಿಗಳಿಂದಲೇ ಬಂದವರು. ನಮ್ಮ ಸಭೆಯಲ್ಲಿ ಈ ವಿಷಯ ಎತ್ತಿದರೆ ಮೊದಲ ಉತ್ತರ ಏನಿರುತ್ತದೆ ಎಂದು ನನಗೆ ಗೊತ್ತು: ನಾವೇ ತುಳಿತಕ್ಕೊಳಗಾದವರು, ನಾವೇಕೆ ಕ್ಷಮೆ ಕೇಳಬೇಕು? ಈ ಪ್ರಶ್ನೆಯಲ್ಲಿ ನ್ಯಾಯವಿದೆ. 1950ರ ರಾಷ್ಟ್ರಪತಿ ಆದೇಶದ ಕಾರಣದಿಂದ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಂದಿಗೂ ಸಿಕ್ಕಿಲ್ಲ. ಅವರ ಗಾಯ ಇನ್ನೂ ಹಸಿ. ಆದರೆ ವ್ಯಕ್ತಿಗಳ ಹೊಣೆ ಬೇರೆ, ಸಂಸ್ಥೆಯ ಹೊಣೆ ಬೇರೆ. ಮಿಷನ್ ಬಿಟ್ಟುಹೋದ ಬಂಗಲೆ, ಹೊಲ, ಶಾಲಾ ಕಟ್ಟಡ, ಆಸ್ಪತ್ರೆ ಇವುಗಳಿಗೆ ಚರ್ಚು ವಾರಸುದಾರ. ಆಸ್ತಿಗೆ ವಾರಸುದಾರನಾದವನು ಸಾಲಕ್ಕೂ ವಾರಸುದಾರ ಎಂಬುದನ್ನು ನಮ್ಮ ಯಾವ ಹಳ್ಳಿಯ ಪಂಚರೂ ಒಪ್ಪುತ್ತಾರೆ. ಮಾದಿಗರ ಕೇರಿಯಿಂದ ಬಂದ ಕ್ರೈಸ್ತನೂ ಹರಣಶಿಕಾರಿಗಳ ಗುಡಿಸಲಿನ ಮುಂದೆ ಹಾಯುವಾಗ ಚೀಲವನ್ನು ಬಿಗಿ ಹಿಡಿಯುತ್ತಾನೆ ಎಂಬುದೂ ಸತ್ಯ. ಆ ಬಿಗಿ ಹಿಡಿತವನ್ನು ಕಲಿಸಿದ್ದು 1911ರ ಕಾನೂನು, ಅದು ರದ್ದಾಗಿ ಏಳು ದಶಕ ಕಳೆದರೂ ಕೈ ಸಡಿಲಾಗಿಲ್ಲ.

ಕಾನೂನಿನ ನೆರಳು ಕೂಡ ಪೂರ್ತಿ ಹೋಗಿಲ್ಲ. 1952ರ ಆಗಸ್ಟ್ 31ರಂದು ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾಯಿತು, ಅದಕ್ಕಾಗಿಯೇ ಈ ಜನ ಆ ದಿನವನ್ನು ವಿಮುಕ್ತಿ ದಿನವಾಗಿ ಆಚರಿಸುತ್ತಾರೆ. ಅದರ ಜಾಗದಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಕಾರಾಗೃಹಗಳಲ್ಲಿ ಜಾತಿ ಆಧಾರದ ಮೇಲೆ ಕೆಲಸ ಹಂಚುವುದನ್ನು ಅಸಾಂವಿಧಾನಿಕ ಎಂದು ಸಾರಿದಾಗ, ವಿಮುಕ್ತ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೊಂದಿಗೆ ಜೋಡಿಸುವ ಕಾರಾಗೃಹ ನಿಯಮಗಳನ್ನೂ ಪ್ರಶ್ನಿಸಿತು.

ಖಾನಾಪುರ ತಾಲ್ಲೂಕಿನ ಕಾಡಂಚಿನಲ್ಲಿರುವ ಸಿದ್ಧಿಗಳ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಅನೇಕರು ಘಟ್ಟ ಹತ್ತಿ ಈ ಕಾಡುಗಳಲ್ಲಿ ಅಡಗಿದರು. ಅವರ ಸಂತತಿಯಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಬೆಳಗಾವಿ ಜಿಲ್ಲೆಯ ಸಿದ್ಧಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2020ರಲ್ಲಿ. ಪೋರ್ಚುಗಲ್ಲಿನ ದೊರೆಗೆ ಕ್ರೈಸ್ತರಲ್ಲದವರನ್ನು ಗೆದ್ದು ಶಾಶ್ವತ ಗುಲಾಮಗಿರಿಗೆ ದೂಡುವ ಅನುಮತಿ ಕೊಟ್ಟದ್ದು 1452 ಮತ್ತು 1455ರ ಪೋಪರ ಆಜ್ಞಾಪತ್ರಗಳು. 1493ರ ಇನ್ನೊಂದು ಪತ್ರವನ್ನೂ ಸೇರಿಸಿ ಕಟ್ಟಿದ, ಕ್ರೈಸ್ತರು ಕಂಡುಹಿಡಿದ ನೆಲ ಕ್ರೈಸ್ತರದೇ ಎಂಬ ಆವಿಷ್ಕಾರದ ಸಿದ್ಧಾಂತವೇ ಅಮೆರಿಕ ಖಂಡದ ನೆಲವನ್ನು ಕಸಿಯಲು ನೆಪವಾಯಿತು. ಕೆನಡಾದ ಮೂಲನಿವಾಸಿಗಳ ಒತ್ತಾಯದ ನಂತರ 2023ರ ಮಾರ್ಚ್ 30ರಂದು ವ್ಯಾಟಿಕನ್ ಆ ಸಿದ್ಧಾಂತವನ್ನು ತಿರಸ್ಕರಿಸಿತು, ಈ ಮೂರೂ ಪತ್ರಗಳನ್ನು ಹೆಸರಿಸಿಯೇ. ಅಲ್ಲಿನ ಜನ ಹೋರಾಡಿ ಪಡೆದ ಆ ಪತ್ರ ಖಾನಾಪುರದ ಸಿದ್ಧಿ ಅಜ್ಜಿಗೂ ಸೇರಿದ್ದು. ಅದನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಅವಳ ಅಂಗಳದಲ್ಲಿ ಕುಳಿತು ಓದಿ ಹೇಳಿದ ಪಾದ್ರಿ ಯಾರಾದರೂ ಇದ್ದರೆ ಅವರನ್ನು ಕಂಡು ಕೈಮುಗಿಯಲು ನಾನು ಸಿದ್ಧ.

ಹಾಗಾದರೆ ಇಲ್ಲಿ ಬಯಲ ಕಲಿಕೆ ಎಂದರೆ ಹೇಗಿರಬೇಕು? ಹೊಸ ಶಿಕ್ಷಣ ನೀತಿ 2020 ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಸೂಚಿಸಿದೆ. ಬೆಳಗಾವಿ, ವಿಜಯಪುರಗಳ ಕ್ರೈಸ್ತ ಶಾಲೆಗಳು ಸಾಮಾನ್ಯವಾಗಿ ಇಂತಹ ದಿನಗಳನ್ನು ಗೋಳಗುಮ್ಮಟ, ಬಾದಾಮಿ, ಆಲಮಟ್ಟಿಯ ಉದ್ಯಾನ ತೋರಿಸಲು ಬಳಸುತ್ತವೆ. ಅದೇ ದಿನಗಳನ್ನು ಬೇರೆ ರೀತಿಯಲ್ಲಿ ಬಳಸಲು ಸಾಧ್ಯ.

ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯನ್ನು ತೆಗೆದುಕೊಳ್ಳಿ. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ಕುರುಚಲು ಗುಡ್ಡಗಳ ಸುಮಾರು 96 ಚದರ ಕಿಲೋಮೀಟರ್ ಜಾಗ 2016ರಲ್ಲಿ ಚಿಂಕಾರಗಳ ವನ್ಯಧಾಮವಾಯಿತು. ತೋಳ, ಕತ್ತೆಕಿರುಬಗಳೂ ಅಲ್ಲಿವೆ. ಇಂತಹ ಬಯಲಿನಲ್ಲಿ ಚಿಗರೆಯ ಹೆಜ್ಜೆ ಎಷ್ಟು ಹೊತ್ತಿನದು, ಕೌಜುಗ ಯಾವ ಪೊದೆಯಲ್ಲಿ ರಾತ್ರಿ ಕಳೆಯುತ್ತದೆ, ಮೊಲ ಗಾಳಿಯ ಯಾವ ದಿಕ್ಕಿಗೆ ಮುಖ ಮಾಡಿ ಕೂರುತ್ತದೆ ಎಂಬುದನ್ನು ಓದಬಲ್ಲವರು ಹರಣಶಿಕಾರಿಗಳು. ಹಕ್ಕಿಯ ಕೂಗನ್ನು ಅನುಕರಿಸಿ ಕರೆಯುವ ವಿದ್ಯೆ, ಉರುಲು ಹೆಣೆಯುವ ಕೈಚಳಕ ತಲೆಮಾರುಗಳಿಂದ ಬಂದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಈ ಅರಿವು ಅಪರಾಧದ ಪುರಾವೆಯಾಗಿ ಬದಲಾಯಿತು. ಪ್ರಾಣಿಗಳ ರಕ್ಷಣೆ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ಸಮುದಾಯದ ಇಡೀ ಜ್ಞಾನವನ್ನು ಪೊಲೀಸ್ ಠಾಣೆಯ ಭಾಷೆಯಲ್ಲಿ ಮಾತ್ರ ಕೇಳುವುದು ನಮ್ಮ ಬಡತನ.

ಇಲ್ಲಿ ಪಾಠ ನಡೆಸುವುದೆಂದರೆ ಸಣ್ಣ ವಿಷಯಗಳಲ್ಲಿಯೂ ಜಾಗ್ರತೆ ಬೇಕು. ಹಿರಿಯರೊಬ್ಬರು ಮಕ್ಕಳಿಗೆ ಉರುಲು ಹೇಗೆ ಹೂಡುತ್ತಾರೆ ಎಂದು ವನ್ಯಧಾಮದೊಳಗೆ ತೋರಿಸಿದರೆ, ಶಾಲೆಯ ಬಸ್ಸು ಹೋದ ಮೇಲೆ ಪ್ರಕರಣ ಬೀಳುವುದು ಅವರ ಮೇಲೆ, ಶಾಲೆಯ ಮೇಲೆ ಅಲ್ಲ. ಆದ್ದರಿಂದ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲೇ ಇರಬೇಕು, ಅದರಲ್ಲಿ ಅವರ ಹೆಸರು ಮಾರ್ಗದರ್ಶಕರೆಂದು ನಮೂದಾಗಿರಬೇಕು, ಉರುಲಿನ ಬದಲು ಹೆಜ್ಜೆ ಓದುವ ಪಾಠ ನಡೆಯಬೇಕು. ಮಕ್ಕಳು ಮೊಬೈಲಿನಲ್ಲಿ ಚಿತ್ರ ತೆಗೆದು ಹರಡುವುದನ್ನು ತಡೆಯಬೇಕು. ಸಂಭಾವನೆ ಆ ಶಾಲೆಯ ಹಿರಿಯ ಶಿಕ್ಷಕರ ದಿನದ ಸಂಬಳಕ್ಕೆ ಕಡಿಮೆ ಇರಬಾರದು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಶಾಲು ಹೊದಿಸಿ ಕಳಿಸುವ ಪದ್ಧತಿ ಇಲ್ಲಿ ಸಲ್ಲದು. ಗುರುವಿನ ಪೀಠವನ್ನು ನಿಜವಾಗಿ ಬಿಟ್ಟುಕೊಟ್ಟಿದ್ದೇವೆಯೇ ಎಂಬುದನ್ನು ಸಂಬಳದ ಪುಸ್ತಕ ಹೇಳುತ್ತದೆ.

ಈಚಲು ಗರಿ, ಬಿದಿರಿನಿಂದ ಬುಟ್ಟಿ, ಮೊರ ಹೆಣೆಯುವ ಕೊರವರು, ಮದುವೆಗಳಲ್ಲಿ ಶಹನಾಯಿ ಊದುವ ಭಜಂತ್ರಿಗಳು, ನದಿಗಳಲ್ಲಿ ಮೀನು ಹಿಡಿಯುತ್ತ ತೊಗಲುಗೊಂಬೆ ಆಡಿಸುತ್ತ ಬಂದ ಕಿಳ್ಳೇಕ್ಯಾತರು, ಇವರೆಲ್ಲರಲ್ಲಿಯೂ ನಮ್ಮ ಮಕ್ಕಳಿಗೆ ಹೇಳಿಕೊಡಲು ವಿದ್ಯೆಯಿದೆ. ಈಚಲು ಎಲ್ಲಿ ಉಳಿದಿದೆ, ಹಳ್ಳಗಳ ದಂಡೆ ಏಕೆ ಬೋಳಾಯಿತು ಎಂಬ ಪಾಠವನ್ನು ಬುಟ್ಟಿ ಹೆಣೆಯುವವರಿಗಿಂತ ಚೆನ್ನಾಗಿ ಯಾವ ಪರಿಸರ ವಿಜ್ಞಾನದ ಪುಸ್ತಕವೂ ಹೇಳಲಾರದು.

ಮತಾಂತರದ ಪ್ರಶ್ನೆಯನ್ನು ಬದಿಗಿಟ್ಟು ಈ ಚರ್ಚೆ ಮುಂದುವರಿಯಲಾರದು. ಚರ್ಚಿನವರು ಅಲೆಮಾರಿಗಳ ಬಿಡಾರಕ್ಕೆ ಹೋದರೆ ಉದ್ದೇಶ ಏನು ಎಂದು ಊರು ಕೇಳುತ್ತದೆ. ಆ ಅನುಮಾನದ ಹಿಂದೆ ರಾಜಕೀಯವಿದೆ, ಹಿಂಸೆಯೂ ಇದೆ. ಆದರೆ ಸೆಟ್ಲ್‌ಮೆಂಟಿನ ಇತಿಹಾಸ ಓದಿದವರಿಗೆ ಆ ಪ್ರಶ್ನೆ ಪೂರ್ತಿ ಅನ್ಯಾಯದ್ದು ಎನಿಸುವುದಿಲ್ಲ. ಬೇಲಿಯೊಳಗಿನ ಜನರಿಗೆ ಬೋಧಿಸಿದ್ದು ನಾವೇ. ಲೆಕ್ಕಾಚಾರದ ಮಾತೂ ಇದೆ. ಕರ್ನಾಟಕದಲ್ಲಿ ಕೊರಮ, ಕೊರವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಅವರು ಕ್ರೈಸ್ತರಾದರೆ ಆ ಸ್ಥಾನ ಹೋಗುತ್ತದೆ. ಹಸಿದ ಕುಟುಂಬದ ಪಾಲಿಗೆ ಅದು ಹಾಸ್ಟೆಲ್, ವಿದ್ಯಾರ್ಥಿವೇತನ, ನೌಕರಿಯ ಪ್ರಶ್ನೆ. ಆದ್ದರಿಂದ ಈ ಕಲಿಕೆಯಲ್ಲಿ ಪ್ರಚಾರಕ್ಕೆ ಜಾಗವಿಲ್ಲ ಎಂದು ಚರ್ಚು ಲಿಖಿತವಾಗಿ, ಬಹಿರಂಗವಾಗಿ ಹೇಳಬೇಕು. 60ನೆಯ ಕರೆಯ ಆಶಯವೂ ಇದಕ್ಕೆ ಹತ್ತಿರದ್ದು. ದುರ್ಗಮ್ಮ ಯಲ್ಲಮ್ಮರ ಹೆಸರು ಹಿಡಿದು ಹಿರಿಯರು ಕಾಡಿಗೆ ಕೈಮುಗಿದರೆ ನಮ್ಮ ಮಕ್ಕಳು ಗೌರವದಿಂದ ನಿಲ್ಲಲು ಕಲಿಯಬೇಕು.

ಈ ಎಲ್ಲದಕ್ಕೂ ಒಂದು ಗಂಭೀರ ಆಕ್ಷೇಪಣೆ ಬರುತ್ತದೆ, ಅದೂ ಆ ಸಮುದಾಯಗಳ ಒಳಗಿನಿಂದಲೇ. ನಮ್ಮ ಮಗ ಉರುಲು ಹೆಣೆಯುವುದು ಬೇಡ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಪಿಎಸ್‌ಐ ಆಗಲಿ ಎನ್ನುವ ತಾಯಂದಿರೇ ಹೆಚ್ಚು. ಅವರಿಗೆ ಬಯಲ ಕಲಿಕೆಯ ಬಗ್ಗೆ ಮಾತನಾಡಿದರೆ, ನಿಮ್ಮ ಮಕ್ಕಳಿಗೆ ಬೆಂಚು, ನಮ್ಮ ಮಕ್ಕಳಿಗೆ ಮತ್ತೆ ಬಯಲೇ ಎಂದು ಕೇಳುತ್ತಾರೆ. ಈ ಪ್ರಶ್ನೆಯ ಮುಂದೆ ಕೆನಡಾದ ಮಾದರಿ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲಿ ಶಾಲೆಯೇ ಕಸಿಯುವ ಸಾಧನವಾಗಿತ್ತು, ಇಲ್ಲಿ ಸೆಟ್ಲ್‌ಮೆಂಟಿನ ನಂತರದ ತಲೆಮಾರುಗಳಿಗೆ ಒಳ್ಳೆಯ ಶಾಲೆಯ ಬಾಗಿಲೇ ತೆರೆಯಲಿಲ್ಲ. ಹಾಗಾಗಿ ನನ್ನ ತೀರ್ಮಾನ ಇದು: ಬಯಲ ಪಾಠ ಬೇಕಾಗಿರುವುದು ಚರ್ಚಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ, ಮತ್ತು ಅದಕ್ಕೆ ಪ್ರತಿಯಾಗಿ ಆ ಶಾಲೆಗಳ ಬೆಂಚು ಬೇಕಾಗಿರುವುದು ಅವರ ಮಕ್ಕಳಿಗೆ. ಎರಡರಲ್ಲಿ ಒಂದನ್ನು ಮಾತ್ರ ಮಾಡಿದರೆ ಹಳೆಯ ಲೆಕ್ಕ ಇನ್ನಷ್ಟು ಬೆಳೆಯುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ 25 ಶೇಕಡಾ ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಿಡುತ್ತದೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕಾನೂನು ಒತ್ತಾಯಿಸದ ಕಡೆಯಲ್ಲಿಯೇ ಪಶ್ಚಾತ್ತಾಪದ ತೂಕ ಗೊತ್ತಾಗುತ್ತದೆ. ಪ್ರತಿ ವರ್ಷ ಒಂದನೆಯ ತರಗತಿಯ ಕೆಲವು ಸೀಟುಗಳನ್ನು ಹರಣಶಿಕಾರಿ, ಕೊರವ, ಗಂಟಿಚೋರ, ಛಪ್ಪರಬಂದ್, ಸಿದ್ಧಿ ಮಕ್ಕಳಿಗೆ ಶುಲ್ಕವಿಲ್ಲದೆ, ಧರ್ಮದ ಪ್ರಶ್ನೆ ಕೇಳದೆ ಕೊಡಲು ಆಡಳಿತ ಮಂಡಳಿಗಳು ನಿರ್ಣಯ ಮಾಡಬಹುದು. ವಲಸೆ ಹೋಗುವ ಕುಟುಂಬಗಳ ಮಕ್ಕಳಿಗೆ ಹಾಸ್ಟೆಲ್ ಬೇಕಾದರೆ ಬಾಗಿಲು ತಂದೆ ತಾಯಿಗೆ ಯಾವ ದಿನವೂ ತೆರೆದಿರಬೇಕು, ಬೇಲಿಯ ನೆನಪಿರುವ ಜನ ಅವರು.

ಅದಕ್ಕೂ ಮುಂಚೆ ಒಂದು ಕೆಲಸವಿದೆ. ಸೆಟ್ಲ್‌ಮೆಂಟುಗಳ ವಾರ್ಷಿಕ ವರದಿಗಳು ಮುಂಬಯಿಯ ಸರ್ಕಾರಿ ಪತ್ರಾಗಾರದಲ್ಲಿ, ಎಸ್.ಪಿ.ಜಿ. ಮಿಷನ್ನಿನ ಕಾಗದಗಳು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ, ಬಾಸೆಲ್ ಮಿಷನ್ನಿನ ಚಿತ್ರ ಮತ್ತು ಪತ್ರಗಳು ಸ್ವಿಟ್ಜರ್‌ಲೆಂಡಿನಲ್ಲಿವೆ. ಹುಬ್ಬಳ್ಳಿ, ವಿಜಯಪುರಗಳ ಕುಟುಂಬಗಳ ಅಜ್ಜ ಅಜ್ಜಿಯರ ಕುರಿತು ಬರೆದದ್ದು ಅವರ ಮೊಮ್ಮಕ್ಕಳ ಕೈಗೆ ಇನ್ನೂ ತಲುಪಿಲ್ಲ. ಆ ಪ್ರತಿಗಳನ್ನು ತರಿಸುವ ಸಂಪರ್ಕ ಮತ್ತು ಖರ್ಚಿನ ಶಕ್ತಿ ಚರ್ಚುಗಳಿಗಿದೆ. ತರಿಸಿ, ಕನ್ನಡಕ್ಕೆ ಮಾಡಿಸಿ, ಮೊದಲು ಆ ಕುಟುಂಬಗಳಿಗೆ ಒಪ್ಪಿಸಬೇಕು, ಪ್ರಕಟಿಸಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ. ಬಯಲಿಗೆ ನಮ್ಮನ್ನು ಕರೆಯಬೇಕೋ ಬೇಡವೋ ಎಂಬುದೂ ಆ ಓದಿನ ನಂತರ ಅವರೇ ತೀರ್ಮಾನಿಸುವ ವಿಷಯ.